ಬಿಲ್ಲುಗಾರನ ಡ್ಯಾಮೇಜ್ ಕಡಿಮೆ ಮಾಡುವ ಮುಂಚೆ ಮ್ಯಾಪ್ ನೋಡಿ

"ನಮ್ಮ ಟೇಬಲ್‌ನಲ್ಲಿ ಬಿಲ್ಲುಗಾರನೇ ಎಲ್ಲರನ್ನೂ ಹೊಡೆದು ಮುಗಿಸ್ತಾನೆ. ಅವನ ಡ್ಯಾಮೇಜ್ ಕಮ್ಮಿ ಮಾಡ್ಲಾ?" ಟೇಬಲ್ ಸುತ್ತ ಕೂತು ದಾಳ ಹಾಕಿ ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಕತೆಯನ್ನೂ ಶತ್ರುಗಳನ್ನೂ ನಡೆಸುವ ಹೊಸ ಗೇಮ್ ಮಾಸ್ಟರ್‌ಗಳು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ನಾನು ವಾಪಸ್ ಕೇಳುವುದು ಒಂದೇ: ಕಾದಾಟ ಶುರುವಾದಾಗ ಶತ್ರು ಎಷ್ಟು ದೂರ ಇದ್ದ?

ಸ್ವಲ್ಪ ಲೆಕ್ಕ ಮಾಡೋಣ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ, 2014ರ ನಿಯಮ. 5ನೇ ಲೆವೆಲ್‌ನ ಇಬ್ಬರು ಫೈಟರ್‌ಗಳು. ಒಬ್ಬನಿಗೆ ಗ್ರೇಟ್‌ಸೋರ್ಡ್ (ದೊಡ್ಡ ಕತ್ತಿ), ಸ್ಟ್ರೆಂತ್ (ಮೈಬಲ) 18. ಇನ್ನೊಬ್ಬನಿಗೆ ಲಾಂಗ್‌ಬೋ (ಉದ್ದ ಬಿಲ್ಲು), ಡೆಕ್ಸ್ಟೆರಿಟಿ (ಚುರುಕುತನ) 18. ಫೈಟಿಂಗ್ ಸ್ಟೈಲ್ (ಫೈಟರ್ ಆರಿಸಿಕೊಳ್ಳುವ ಕಾದಾಟದ ಪರಿಣತಿ) ಸೇರಿಸಿದರೆ ಕತ್ತಿಯ ಒಂದೇಟು ಸರಾಸರಿ 12.3, ಬಾಣದ್ದು 8.5. ಆದರೆ ಬಿಲ್ಲುಗಾರನ ಆರ್ಚರಿ ಸ್ಟೈಲ್ ಗುರಿ ಹಿಡಿಯುವ ದಾಳಕ್ಕೆ +2 ಕೊಡುತ್ತದೆ. ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಅಂಕಿ) 15 ಇರುವ ಶತ್ರುವಿಗೆ ಬಾಣ ನೂರಕ್ಕೆ 75 ಸಲ ತಾಗುತ್ತದೆ, ಕತ್ತಿ 65 ಸಲ. ಕ್ರಿಟಿಕಲ್ (ದಾಳದಲ್ಲಿ 20 ಬಿದ್ದಾಗಿನ ಹೆಚ್ಚುವರಿ ಡ್ಯಾಮೇಜ್) ಪಕ್ಕಕ್ಕಿಡಿ. ಒಂದು ರೌಂಡಿನಲ್ಲಿ ಒಬ್ಬೊಬ್ಬರಿಗೂ ಒಂದು ಟರ್ನ್, ಅಂದರೆ ಸರದಿ. ಟರ್ನ್‌ಗೆ ಎರಡೇಟಿನ ಹಾಗೆ ಕತ್ತಿಗೆ ರೌಂಡಿಗೆ 16, ಬಿಲ್ಲಿಗೆ 12.75. ನಾಲ್ಕು ರೌಂಡಿಗೆ 64 ಮತ್ತು 51. ಕತ್ತಿಯೇ ಮುಂದೆ, ಅಲ್ವಾ?

ಈಗ ಶತ್ರುವನ್ನು 60 ಅಡಿ ಆಚೆ ನಿಲ್ಲಿಸಿ. ಕತ್ತಿಯವನು ಒಂದು ಟರ್ನ್‌ಗೆ ನಡೆಯುವುದು 30 ಅಡಿ. ಡ್ಯಾಶ್ ಮಾಡಿದರೆ, ಅಂದರೆ ಹೊಡೆಯುವ ಬದಲು ಇನ್ನೊಂದು 30 ಅಡಿ ಓಡಿದರೆ, ಮುಟ್ಟುತ್ತಾನೆ, ಆದರೆ ಹೊಡೆಯುವ ಹಾಗಿಲ್ಲ. ಮೊದಲ ರೌಂಡ್ ಹೋಯಿತು. ಉಳಿದ ಮೂರಕ್ಕೆ 48. ಬಿಲ್ಲುಗಾರ ನಿಂತ ಜಾಗದಲ್ಲೇ 51 ಮುಟ್ಟಿದ. ಒಂದೇ ಒಂದು ರೌಂಡಿನ ಓಟದಲ್ಲಿ ಲೆಕ್ಕ ತಿರುಗಿಬಿತ್ತು. ಸತ್ತ ಶತ್ರುವಿನಿಂದ ಮುಂದಿನವನ ಹತ್ತಿರ ಹೋಗಲು ಇನ್ನೊಂದು ಓಟ ಬೇಕಾದರೆ ಕೇಳುವುದೇ ಬೇಡ. ಸಾಲದ್ದಕ್ಕೆ, ಏಟು ತಿನ್ನುವವನೂ ಕತ್ತಿಯವನೇ.

ಅಂದರೆ ಬಿಲ್ಲುಗಾರನ ಬಲ ಇರುವುದು ದಾಳದಲ್ಲಲ್ಲ. ಅವನಿಗೆ ಒಂದು ಟರ್ನೂ ದಂಡ ಆಗುವುದಿಲ್ಲ, ಅಷ್ಟೇ.

ಹಾಗಾದರೆ ಮೊದಲು ಏನು ಮಾಡಬೇಕು? ಹೊಸ ನಿಯಮ ಬರೆಯುವ ಮುಂಚೆ ಇರುವ ನಿಯಮವನ್ನು ಆಡಿ. ಬಿಲ್ಲುಗಾರನಿಗೂ ಗುರಿಗೂ ನಡುವೆ ಇನ್ನೊಬ್ಬ ನಿಂತಿದ್ದರೆ, ಅವನು ನಮ್ಮವನೇ ಆಗಿದ್ದರೂ, ಗುರಿಗೆ ಹಾಫ್ ಕವರ್ (ಅರ್ಧ ಮರೆ) ಸಿಗುತ್ತದೆ, ಆರ್ಮರ್ ಕ್ಲಾಸ್‌ಗೆ +2. ನಾನು ನೋಡಿದ ಟೇಬಲ್‌ಗಳಲ್ಲಿ ಜಾಸ್ತಿ ಜನ ಮರೆಯುವ ನಿಯಮ ಇದೇ. ಮೇಲಿನ ಲೆಕ್ಕಕ್ಕೇ ಇದನ್ನು ಹಾಕಿ. ಮೊದಲ ರೌಂಡ್ ದಾರಿ ಖಾಲಿ, 12.75. ಆಮೇಲೆ ಮೂರು ರೌಂಡ್ ಗೆಳೆಯನ ಬೆನ್ನು ಅಡ್ಡ, ತಲಾ 11.05. ಒಟ್ಟು ಸುಮಾರು 46. ಕತ್ತಿಯವನದು 48. ದಾಳ ಮುಟ್ಟದೆಯೇ ಇಬ್ಬರೂ ಸಮಸಮ ಬಂದರು. ಕವರ್ ತಪ್ಪಿಸಲು ಬಿಲ್ಲುಗಾರ ಪಕ್ಕಕ್ಕೆ ಸರಿಯಬಹುದು. ಸರಿಯಲಿ ಬಿಡಿ, ಹಾಗಾದರೂ ಅವನು ತನ್ನ ಮೂಲೆ ಬಿಟ್ಟು ಬಂದ ಹಾಗಾಯಿತು.

ಇನ್ನೊಂದು ಕೀಲಿ ಶತ್ರುಗಳ ಬುದ್ಧಿ. ಕಾಡಿನ ದಾರಿಗೆ ಅಡ್ಡ ಬಿದ್ದ ಮರದ ದಿಮ್ಮಿ, ಅದರ ಹಿಂದೆ ನಾಲ್ಕು ಗಾಬ್ಲಿನ್‌ಗಳು (ಕುಳ್ಳ ದುಷ್ಟ ಜೀವಿಗಳು). ಮೊದಲ ಬಾಣಕ್ಕೆ ಒಬ್ಬ ಸತ್ತ. ಉಳಿದ ಮೂವರು ಎದೆ ಸೆಟೆಸಿಕೊಂಡು ಯಾಕೆ ನಿಂತಿರಬೇಕು? ಬೋರಲು ಮಲಗುತ್ತಾರೆ. ಮಲಗಿದವನಿಗೆ ದೂರದಿಂದ ಬಾಣ ಬಿಟ್ಟರೆ ಡಿಸ್‌ಅಡ್ವಾಂಟೇಜ್ (ದಾಳ ಎರಡು ಸಲ ಹಾಕಿ ಕಡಿಮೆ ಬಿದ್ದದ್ದನ್ನು ಹಿಡಿಯಬೇಕು). ಆದರೆ 5 ಅಡಿ ಒಳಗೆ ಬಂದವನಿಗೆ ಅಡ್ವಾಂಟೇಜ್ (ಹೆಚ್ಚು ಬಿದ್ದದ್ದು). ಏಳಬೇಕೆಂದರೆ ಅರ್ಧ ಓಟ ಖರ್ಚು. ಕತ್ತಿಯವನು ದಿಮ್ಮಿ ಹಾರಿ ಅವರ ನಡುವೆ ಇಳಿದ ರೌಂಡಿನಲ್ಲಿ ಆ ಆಟಗಾರನ ಮುಖ ನೋಡಬೇಕು ನೀವು!

ಮ್ಯಾಪ್ ವಿಷಯ ಬಹುಪಾಲು ಗೊತ್ತಿರುವುದೇ: ತಿರುವಿರುವ ಕಾರಿಡಾರ್, ಕಂಬಗಳು, ಬಿಲ್ಲುಗಾರನ ಹಿಂದುಗಡೆ ಇನ್ನೊಂದು ಬಾಗಿಲು. ಶತ್ರು 5 ಅಡಿ ಒಳಗೆ ಬಂದರೆ ಬಾಣಕ್ಕೆ ಡಿಸ್‌ಅಡ್ವಾಂಟೇಜ್ ಎನ್ನುವುದು ಆ ಬಾಗಿಲಿನಿಂದಲೇ ಕೆಲಸಕ್ಕೆ ಬರುತ್ತದೆ. ಗೆಲ್ಲುವುದು ಅಂದರೆ ಬರೀ ಕೊಲ್ಲುವುದು ಅಂತ ಇಟ್ಟುಕೊಳ್ಳಬೇಡಿ. ಸೇತುವೆ ಮೂರು ರೌಂಡ್ ಕಾಯಬೇಕು ಅಂದರೆ ಅಲ್ಲಿ ನಿಲ್ಲುವವನು ಬೇಕು. 150 ಅಡಿ ದೂರದಿಂದ ಯಾರೂ ಸೇತುವೆಗೆ ಅಡ್ಡ ನಿಲ್ಲಲಾರರು.

ಬಾಣ ಎಣಿಸಿ ಬಿಲ್ಲುಗಾರನನ್ನು ಕಟ್ಟಿಹಾಕುತ್ತೇನೆ ಎನ್ನುವವರಿದ್ದಾರೆ. ಬತ್ತಳಿಕೆಯಲ್ಲಿ 20 ಬಾಣ, ಕಾದಾಟ ಮುಗಿದ ಮೇಲೆ ಒಂದು ನಿಮಿಷ ಹುಡುಕಿದರೆ ಬಿಟ್ಟದ್ದರಲ್ಲಿ ಅರ್ಧ ವಾಪಸ್. ನನ್ನ ಪ್ರಕಾರ ಇದು ಸುಮ್ನೆ ಲೆಕ್ಕಪತ್ರ, ಬ್ಯಾಲೆನ್ಸ್ ಅಲ್ಲ.

ಬೇರೆ ಆಟಗಳು ಬೇರೆ ದಾರಿ ಹಿಡಿದಿವೆ. ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಮಾಮೂಲಿ ಬಿಲ್ಲಿನ ಡ್ಯಾಮೇಜ್‌ಗೆ ಸಾಮರ್ಥ್ಯದ ಅಂಕಿ ಸೇರುವುದೇ ಇಲ್ಲ, ಲಾಂಗ್‌ಬೋಗೆ 30 ಅಡಿ ಒಳಗೆ ಗುರಿ ಹಿಡಿಯುವ ದಾಳಕ್ಕೆ −2 ಬೇರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರನೇ ಆವೃತ್ತಿಯಲ್ಲಿ ಕೈಕೈ ಹತ್ತಿದ ಜಗಳದೊಳಗೆ ಬಾಣ ಬಿಟ್ಟರೆ −4 ಇತ್ತು.

ಶಾರ್ಪ್‌ಶೂಟರ್ ಎಂಬ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಕೌಶಲ) ತೆಗೆದುಕೊಂಡ ಆಟಗಾರ ಇದ್ದರೆ ಕವರ್ ಉಪಾಯ ನಡೆಯುವುದಿಲ್ಲ. ಹಾಫ್ ಕವರ್, ಮುಕ್ಕಾಲು ಕವರ್ ಎರಡನ್ನೂ ಅವನು ಲೆಕ್ಕಕ್ಕಿಡಲ್ಲ. 2014ರಲ್ಲಿ ಗುರಿಗೆ −5, ಡ್ಯಾಮೇಜ್‌ಗೆ +10 ಎಂಬ ಆಯ್ಕೆಯೂ ಅದರಲ್ಲಿತ್ತು. 2024ರ ನಿಯಮದಲ್ಲಿ ತೆಗೆದರು. ಅವನ ಮೇಲೆ ಹಗೆ ಸಾಧಿಸಲು ಹೋಗಬೇಡಿ. ಎಲ್ಲ ಕಾದಾಟವನ್ನೂ ಇಕ್ಕಟ್ಟಿನ ಕೋಣೆಯಲ್ಲೇ ಇಟ್ಟರೆ ಅವನು ಫೀಟ್ ತೆಗೆದುಕೊಂಡದ್ದೇ ವ್ಯರ್ಥ. ಆಗಾಗ ಒಂದು ಬಯಲು ಕೊಡಿ, 400 ಅಡಿ ಆಚೆ ಓಡಿಹೋಗುತ್ತಿರುವ ದೂತನನ್ನು ಕೊಡಿ.

ಹಾರುವ ಶತ್ರು ಬಂದಾಗ ಮಾತ್ರ ಕತ್ತಿಯವನಿಗೆ ನೀವೇ ಕೈ ಚಾಚಬೇಕು. ಅವನ ಹತ್ತಿರ ಜಾವೆಲಿನ್ (ಎಸೆಯುವ ಈಟಿ) ಇರಲಿ. ಅದು ಸ್ಟ್ರೆಂತ್ ಮೇಲೆ ನಡೆಯುತ್ತದೆ, 30 ಅಡಿವರೆಗೆ ತೊಂದರೆಯಿಲ್ಲದೆ ಹೋಗುತ್ತದೆ. ಆದರೆ 2014ರ ನಿಯಮವನ್ನು ಅಕ್ಷರಶಃ ಹಿಡಿದರೆ ಟರ್ನ್‌ಗೆ ಒಂದೇ ಆಯುಧ ಪುಕ್ಕಟೆ ತೆಗೆಯಬಹುದು. ಎರಡೇಟಿನ ಫೈಟರ್‌ಗೆ ಎರಡನೇ ಜಾವೆಲಿನ್ ಕೈಗೆ ಬರುವುದೇ ಇಲ್ಲ. ನನ್ನ ಟೇಬಲ್‌ನಲ್ಲಿ ಎಸೆಯುವುದರ ಜೊತೆಗೇ ತೆಗೆಯಲು ಬಿಡುತ್ತೇನೆ. 2024ರ ನಿಯಮ ಕೂಡ ಈಗ ಅದನ್ನೇ ಹೇಳುತ್ತದೆ.