ತನ್ನನ್ನೇ ತಿನ್ನುವ ಕಾಗದ: ಹಳೆಯ ಕಾಮಿಕ್ಸ್ ಸಂಗ್ರಹದ ಹಿಂದಿನ ರಸಾಯನಶಾಸ್ತ್ರ

1938ರ ಜೂನ್ ತಿಂಗಳ ದಿನಾಂಕ ಹೊತ್ತು ಅಮೆರಿಕದ ಪತ್ರಿಕೆ ಅಂಗಡಿಗಳಿಗೆ ಬಂದ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯ ಬೆಲೆ 10 ಸೆಂಟ್. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು 130 ಡಾಲರಿಗೆ ಹಕ್ಕು ಬರೆದುಕೊಟ್ಟಿದ್ದ ಸೂಪರ್‌ಮ್ಯಾನ್ ಮೊದಲ ಬಾರಿಗೆ ಓದುಗರಿಗೆ ಕಾಣಿಸಿಕೊಂಡದ್ದು ಅದರಲ್ಲಿ. ಸುಮಾರು 2 ಲಕ್ಷ ಪ್ರತಿಗಳು ಅಚ್ಚಾದ ಆ ಸಂಚಿಕೆಯಲ್ಲಿ ಇಂದು ಉಳಿದಿರುವುದು ಸುಮಾರು 100 ಪ್ರತಿಗಳು ಮಾತ್ರ ಎಂದು ಸಂಗ್ರಾಹಕರು ಅಂದಾಜು ಮಾಡುತ್ತಾರೆ. ಅವುಗಳಲ್ಲೊಂದು 2014ರ ಹರಾಜಿನಲ್ಲಿ 32 ಲಕ್ಷ ಡಾಲರಿಗೆ ಮಾರಾಟವಾಯಿತು, ಮತ್ತೊಂದು 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಅದೇ ಅಚ್ಚಿನ, ಅದೇ ಕತೆಯ ಮತ್ತೊಂದು ಪ್ರತಿ ಹರಿದು ಕಂದಿದ್ದರೆ ಈ ಬೆಲೆಯ ಒಂದು ಸಣ್ಣ ಪಾಲಿಗೆ ಕೈ ಬದಲಾಗುತ್ತದೆ. ಮಕ್ಕಳ ಪುಸ್ತಕದ ಹಾಳೆಗಳ ಬಿಳುಪಿಗೆ ಇಷ್ಟು ಹಣವೇ ಎಂದು ಅಚ್ಚರಿಪಡುವವರಿಗೆ ಉತ್ತರ ಸಿಗುವುದು ಕಾಗದದ ಒಳಗೆ. ಎಂಟು ದಶಕ ಬಿಳಿಯಾಗಿಯೇ ಉಳಿದ ನ್ಯೂಸ್‌ಪ್ರಿಂಟ್ ನಿಜಕ್ಕೂ ಅಪರೂಪದ ವಸ್ತು, ಏಕೆಂದರೆ ಅದು ತಯಾರಾದ ಬಗೆಯಲ್ಲೇ ಅದರ ನಾಶವೂ ಅಡಗಿರುತ್ತದೆ.

ಪ್ರತಿಗಳು ಕಡಿಮೆಯಾಗಲು ಮನುಷ್ಯರ ಕೈವಾಡವೂ ಸಾಕಷ್ಟಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮಕ್ಕಳು ಮನೆಮನೆಯಿಂದ ರದ್ದಿ ಕಾಗದ ಕೂಡಿಸಿ ಯುದ್ಧದ ಕೆಲಸಕ್ಕೆ ಕೊಟ್ಟರು. ತಮ್ಮದೇ ಕಾಮಿಕ್ಸ್ ಕಟ್ಟುಗಳೂ ಅದರಲ್ಲಿ ಸೇರಿಹೋದವು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಮೊದಲಾದ ಊರುಗಳಲ್ಲಿ, ಈ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆ ಎಂದು ನಂಬಿದವರು ಅವುಗಳನ್ನು ರಾಶಿ ಹಾಕಿ ಸುಟ್ಟರು. 1954ರಲ್ಲಿ ಮನೋವೈದ್ಯ ಫ್ರೆಡರಿಕ್ ವರ್ಥಮ್ ಅವರ ಆರೋಪಗಳೂ ಸೆನೆಟ್ ಉಪಸಮಿತಿಯ ವಿಚಾರಣೆಯೂ ಸೇರಿ, ಕಾಮಿಕ್ಸ್ ಮನೆಯಲ್ಲಿ ಇಟ್ಟುಕೊಳ್ಳುವಂಥ ವಸ್ತುವೇ ಅಲ್ಲ ಎಂಬ ಭಾವನೆಯನ್ನು ಬಲಪಡಿಸಿದವು. ಇಷ್ಟನ್ನೆಲ್ಲ ದಾಟಿ ಉಳಿದ ಪ್ರತಿಗಳಿಗೆ ಎದುರಾದದ್ದು ಅವುಗಳ ಕಾಗದದ ಸಮಸ್ಯೆ.

ಕಾಗದದ ಬಲವೆಲ್ಲ ಸೆಲ್ಯುಲೋಸ್ ಎಂಬ ಪದಾರ್ಥದಿಂದ ಬರುತ್ತದೆ. ಸಾವಿರಾರು ಗ್ಲೂಕೋಸ್ ಘಟಕಗಳು ಸಾಲಾಗಿ ಕೂಡಿಕೊಂಡ ಉದ್ದನೆಯ ಸರಪಳಿಗಳೇ ಸೆಲ್ಯುಲೋಸ್. ಮರದಲ್ಲಿ ಈ ಸರಪಳಿಗಳನ್ನು ಒಂದಕ್ಕೊಂದು ಅಂಟಿಸಿ ಗಟ್ಟಿಯಾಗಿ ನಿಲ್ಲಿಸುವ ಲಿಗ್ನಿನ್ ಎಂಬ ಇನ್ನೊಂದು ಪದಾರ್ಥವಿರುತ್ತದೆ, ಅದರ ಪಾಲು ಮರದ ತೂಕದಲ್ಲಿ ಸುಮಾರು ಶೇ 20ರಿಂದ 30. ಒಳ್ಳೆಯ ಬರೆಯುವ ಕಾಗದ ತಯಾರಿಸುವಾಗ ಮರದ ತುಣುಕುಗಳನ್ನು ರಾಸಾಯನಿಕಗಳಲ್ಲಿ ಬೇಯಿಸಿ ಲಿಗ್ನಿನ್ನನ್ನು ತೆಗೆದುಬಿಡುತ್ತಾರೆ. ಆಗ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಕಾಗದವಾಗಿ ಉಳಿಯುತ್ತದೆ. 1840ರ ದಶಕದಲ್ಲಿ ಜರ್ಮನಿಯ ಫ್ರೆಡ್ರಿಕ್ ಗಾಟ್‌ಲೋಬ್ ಕೆಲ್ಲರ್ ಮತ್ತು ಕೆನಡಾದ ಚಾರ್ಲ್ಸ್ ಫೆನರ್ಟಿ ಪರಸ್ಪರ ಪರಿಚಯವಿಲ್ಲದೆಯೇ ಕಂಡುಕೊಂಡ ವಿಧಾನ ಬೇರೆ: ಮರವನ್ನು ಕಲ್ಲಿಗೆ ಒತ್ತಿ ಅರೆದು, ಆ ಹಿಟ್ಟನ್ನೇ ಹಾಳೆಯಾಗಿ ಹರಡುವುದು. ಇದರಲ್ಲಿ ಮರದ ಶೇ 90ಕ್ಕೂ ಹೆಚ್ಚು ಭಾಗ ಬಳಕೆಯಾಗುವುದರಿಂದ ಕಾಗದ ಬಹಳ ಅಗ್ಗ. ದಿನಪತ್ರಿಕೆಗಳು ಜನಸಾಮಾನ್ಯರ ಕೈಗೆ ಬಂದದ್ದೂ, 10 ಸೆಂಟಿಗೆ 64 ಪುಟಗಳ ಬಣ್ಣದ ಕಾಮಿಕ್ಸ್ ಕೊಡಲು ಸಾಧ್ಯವಾದದ್ದೂ ಈ ಕಾಗದದಿಂದಲೇ. ಅಕ್ಷರವನ್ನು ಅಗ್ಗವಾಗಿಸಿದ ಈ ಆವಿಷ್ಕಾರಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಯೇ, ಅದರ ದೋಷವನ್ನು ಹೇಳಬೇಕಾಗುತ್ತದೆ.

ಅರೆದ ಮರದಲ್ಲಿ ಲಿಗ್ನಿನ್ ಬಹುಪಾಲು ಹಾಗೆಯೇ ಉಳಿಯುತ್ತದೆ. ಬೆಳಕು ಬಿದ್ದಾಗ, ಅದರಲ್ಲೂ ನೇರಳಾತೀತ ಕಿರಣ ತಾಕಿದಾಗ, ಲಿಗ್ನಿನ್ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಹಳದಿ ಮತ್ತು ಕಂದು ಬಣ್ಣದ ಸಂಯುಕ್ತಗಳನ್ನೂ ಜೊತೆಗೆ ಆಮ್ಲಗಳನ್ನೂ ಹುಟ್ಟಿಸುತ್ತದೆ. ಬಿಸಿಲಿನಲ್ಲಿ ಬಿಟ್ಟ ದಿನಪತ್ರಿಕೆ ಕೆಲವೇ ದಿನಗಳಲ್ಲಿ ಹಳದಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಬಣ್ಣ ಬದಲಾದರೂ ಓದಲು ತೊಂದರೆಯಿಲ್ಲ, ಆದರೆ ಆಮ್ಲ ಹಾಗಲ್ಲ. ಕಾಗದದಲ್ಲಿರುವ ತೇವಾಂಶದ ನೀರಿನೊಂದಿಗೆ ಸೇರಿ ಅದು ಸೆಲ್ಯುಲೋಸ್ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಈ ಜಲವಿಭಜನೆಯಲ್ಲಿ ಆಮ್ಲ ಖರ್ಚಾಗುವುದಿಲ್ಲ. ಕ್ರಿಯೆಯನ್ನು ವೇಗಗೊಳಿಸಿ ತಾನು ಹಾಗೆಯೇ ಉಳಿದು ಮುಂದಿನ ಕೊಂಡಿಗೆ ಹೋಗುತ್ತದೆ, ಮೇಲಾಗಿ ಸೆಲ್ಯುಲೋಸ್ ಕೆಡುವಾಗ ಹೊಸ ಆಮ್ಲವೂ ಹುಟ್ಟುತ್ತದೆ. ಆದ್ದರಿಂದ ಕಾಗದ ಹಳೆಯದಾದಂತೆ ಅದರ ನಾಶದ ವೇಗವೂ ಹೆಚ್ಚುತ್ತದೆ. ಸಾವಿರಾರು ಘಟಕಗಳಿದ್ದ ಸರಪಳಿಯ ಸರಾಸರಿ ಉದ್ದ ಸುಮಾರು 200 ಘಟಕಗಳ ಆಸುಪಾಸಿಗೆ ಇಳಿಯುವ ಹೊತ್ತಿಗೆ ಹಾಳೆಯಲ್ಲಿ ಬಲವೇ ಇರುವುದಿಲ್ಲ. ಮೂಲೆ ಮಡಚಿದರೆ ಹಪ್ಪಳದಂತೆ ಮುರಿದು ಕೈಗೆ ಬರುತ್ತದೆ.

ಹಳೆಯ ಪುಸ್ತಕದ ಕಟ್ಟು ಬಿಚ್ಚಿದಾಗ ಬರುವ ಆ ಸಿಹಿಯಾದ, ತುಸು ಹುಳಿ ಬೆರೆತ ವಾಸನೆಗೂ ಇದೇ ಕಾರಣ. ಲಿಗ್ನಿನ್ ಒಡೆದಾಗ ವೆನಿಲ್ಲಾದ ಪರಿಮಳಕ್ಕೆ ಕಾರಣವಾದ ವೆನಿಲಿನ್ ಹುಟ್ಟುತ್ತದೆ, ಸೆಲ್ಯುಲೋಸಿನ ಕಡೆಯಿಂದ ಫರ್ಫ್ಯುರಾಲ್ ಎಂಬ ರಾಸಾಯನಿಕದ ಮತ್ತು ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ಆವಿ ಬರುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮತಿಯಾ ಸ್ಟ್ರ್‌ಲಿಚ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಾಳೆಗೆ ಧಕ್ಕೆ ಮಾಡದೆ ಈ ಆವಿಗಳನ್ನಷ್ಟೇ ಅಳೆದು ಕಾಗದ ಎಷ್ಟು ಕೆಟ್ಟಿದೆ ಎಂದು ಹೇಳಬಹುದೆಂದು ತೋರಿಸಿದರು. ಅನುಭವಿ ಸಂಗ್ರಾಹಕರು ಪುಸ್ತಕವನ್ನು ತೆರೆದೊಡನೆ ಮೂಸಿ ನೋಡುವುದನ್ನು ಕಂಡರೆ ನಗಬೇಕಾಗಿಲ್ಲ. ಅವರ ಮೂಗು ಅದೇ ಆವಿಗಳನ್ನು ಗುರುತಿಸುತ್ತಿರುತ್ತದೆ.

ರಾಸಾಯನಿಕ ಕ್ರಿಯೆಯ ವೇಗ ಉಷ್ಣತೆಯನ್ನು ಅವಲಂಬಿಸಿರುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕಾಗದ ಕೆಡುವ ವೇಗ ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಆಗುತ್ತದೆ. ಇದರೊಂದಿಗೆ ತೇವಾಂಶ, ಬೆಳಕು ಮತ್ತು ಗಾಳಿಯ ಸಂಪರ್ಕವನ್ನು ಸೇರಿಸಿದರೆ, ಯಾವ ಪ್ರತಿ ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ಅದು ಯಾವ ಊರಿನ ಯಾವ ಕೋಣೆಯಲ್ಲಿತ್ತು ಎಂಬುದರ ಮೇಲೆ ನಿಂತಿರುತ್ತದೆ. ಕಾಮಿಕ್ಸ್ ಲೋಕದ ಅತ್ಯಂತ ಹೆಸರಾದ ಸಂಗ್ರಹದ ಇತಿಹಾಸ ಇದಕ್ಕೆ ಸಾಕ್ಷಿ. ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಕಾರರು ಟೆಲಿಫೋನ್ ಡೈರೆಕ್ಟರಿಯ ಜಾಹೀರಾತುಗಳಿಗೆ ಚಿತ್ರ ಬರೆಯುತ್ತಿದ್ದರು. ಅವರು ವರ್ಷಗಳ ಕಾಲ ಕೊಂಡು ಕೂಡಿಸಿದ 18 ಸಾವಿರಕ್ಕೂ ಹೆಚ್ಚು ಕಾಮಿಕ್ಸ್‌ಗಳನ್ನು 1977ರಲ್ಲಿ ಅವರ ಕುಟುಂಬದಿಂದ ಕೊಂಡವರು ವ್ಯಾಪಾರಿ ಚಕ್ ರೋಜಾನ್ಸ್ಕಿ. ‘ಮೈಲ್ ಹೈ’ ಸಂಗ್ರಹ ಎಂದೇ ಕರೆಯಲ್ಪಡುವ ಆ ರಾಶಿಯ ಅನೇಕ ಪ್ರತಿಗಳು 40 ವರ್ಷದ ಬಳಿಕವೂ ನಿನ್ನೆ ಕೊಂಡಂತೆ ಹೊಳೆಯುತ್ತಿದ್ದವು. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿ ಒಣಗಾಳಿ. ಸಂಗ್ರಹವಿದ್ದ ಅವರ ಮನೆಯ ನೆಲಮಾಳಿಗೆಯಲ್ಲಿ ಬಿಸಿಲಿಲ್ಲ, ಉಷ್ಣತೆಯ ಏರಿಳಿತವೂ ಕಡಿಮೆ. ಪುಸ್ತಕಗಳನ್ನು ಒಂದರ ಮೇಲೊಂದು ಒತ್ತಾಗಿ ಪೇರಿಸಿದ್ದರಿಂದ ಪುಟಗಳ ನಡುವೆ ಗಾಳಿಯೂ ಆಡಲಿಲ್ಲ. 2014ರಲ್ಲಿ ಮಾರಾಟವಾದ ‘ಆ್ಯಕ್ಷನ್ ಕಾಮಿಕ್ಸ್’ ಪ್ರತಿಯದೂ ಹೋಲುವ ಕತೆಯೇ. ಅದನ್ನು ಮೊದಲು ಕೊಂಡವರು ವೆಸ್ಟ್ ವರ್ಜೀನಿಯಾದ ಬೆಟ್ಟಪ್ರದೇಶದಲ್ಲಿ, ಸೀಡರ್ ಮರದ ಪೆಟ್ಟಿಗೆಯೊಂದರಲ್ಲಿ ಅದನ್ನು ಇಟ್ಟಿದ್ದರು.

ಹೀಗೆ ಉಳಿದ ಪ್ರತಿಗಳಿಗೆ ಅಂಕ ಕೊಡುವ ಸಂಸ್ಥೆಗಳೂ ಇವೆ. 2000ನೆಯ ಇಸವಿಯಲ್ಲಿ ಆರಂಭವಾದ ಸಿಜಿಸಿ ಸಂಸ್ಥೆ 0.5ರಿಂದ 10ರವರೆಗಿನ ಮಾಪನದಲ್ಲಿ ಪ್ರತಿಯ ಸ್ಥಿತಿಯನ್ನು ನಿರ್ಧರಿಸಿ, ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತದೆ. ಒಳಹಾಳೆಯ ಬಣ್ಣವನ್ನು ಬಿಳಿ, ಮಾಸಲು ಬಿಳಿ, ಕೆನೆ, ಕಂದು ಎಂದು ವರ್ಗೀಕರಿಸಿ ಕೊನೆಗೆ ‘ಪೆಡಸು’ ಎಂದು ಬರೆಯುವ ಆ ಪದ್ಧತಿ, ನೋಡಲು ವ್ಯಾಪಾರದ ಲೆಕ್ಕಾಚಾರದಂತೆ ಕಂಡರೂ, ಮೇಲೆ ಹೇಳಿದ ರಾಸಾಯನಿಕ ಕ್ರಿಯೆ ಎಷ್ಟು ದೂರ ಸಾಗಿದೆ ಎಂಬುದರ ಕಣ್ಣಳತೆಯೇ ಆಗಿದೆ. ಪ್ಲಾಸ್ಟಿಕ್ ಕವಚದೊಳಗೆ ಸೇರಿದ ಪುಸ್ತಕವನ್ನು ಮತ್ತೆ ಯಾರೂ ಓದುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ. ಆದರೂ ಓದಿ ಓದಿ ಪುಡಿಯಾಗಬಹುದಾದ ಕಡೆಯ ಕೆಲವು ಪ್ರತಿಗಳ ಮಟ್ಟಿಗೆ ಅದನ್ನು ಒಪ್ಪಿಕೊಳ್ಳಲೇಬೇಕಾಗುತ್ತದೆ.

ಬೆಲೆ ಏರಿದಲ್ಲಿ ಮರೆಮಾಚುವ ರಿಪೇರಿಯೂ ಬರುತ್ತದೆ. ಕಂದಿದ ಮುಖಪುಟಕ್ಕೆ ಬಣ್ಣ ಹಚ್ಚುವುದು, ಸವೆದ ಅಂಚನ್ನು ಕತ್ತರಿಸಿ ನೇರಮಾಡುವುದು, ಹರಿದ ಮೂಲೆಗೆ ಬೇರೆ ಕಾಗದ ಅಂಟಿಸುವುದು, ಇವೆಲ್ಲ ನಡೆಯುತ್ತವೆ. ಇವನ್ನು ಪತ್ತೆ ಮಾಡುವ ಉಪಾಯಗಳಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ನೇರಳಾತೀತ ದೀಪದ ಪರೀಕ್ಷೆ. ಕಾಗದವನ್ನು ಹೆಚ್ಚು ಬೆಳ್ಳಗೆ ಕಾಣಿಸಲು ಬೆರೆಸುವ ಹೊಳಪುಕಾರಕಗಳು ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುತ್ತವೆ. ಕಾಗದ ಕಾರ್ಖಾನೆಗಳಲ್ಲಿ ಅವು ವ್ಯಾಪಕವಾಗಿ ಬಳಕೆಗೆ ಬಂದದ್ದು 1950ರ ದಶಕದಿಂದ ಈಚೆಗೆ. ಆದ್ದರಿಂದ 1938ರದು ಎಂದು ಹೇಳಲಾದ ಪುಟದ ಒಂದು ಮೂಲೆ ಕತ್ತಲ ಕೋಣೆಯಲ್ಲಿ ಆ ದೀಪದಡಿ ಪ್ರಖರವಾಗಿ ನೀಲಿ ಹೊಳೆದರೆ, ಆ ಮೂಲೆ ಆ ಕಾಲದ್ದಲ್ಲ ಎಂದು ಬಲವಾಗಿ ಅನುಮಾನಿಸಬಹುದು. ಹೊಸದಾಗಿ ಹಚ್ಚಿದ ಬಣ್ಣವೂ ಅಂಟೂ ಮೂಲ ಶಾಯಿಗಿಂತ ಬೇರೆಯಾಗಿ ಕಾಣುವುದುಂಟು. ಭೂತಗನ್ನಡಿ ಹಿಡಿದರೆ ಇನ್ನೊಂದು ಸಾಕ್ಷ್ಯ ಸಿಗುತ್ತದೆ. ಹಳೆಯ ಕಾಮಿಕ್ಸ್ ಬಣ್ಣಗಳು ನಾಲ್ಕು ಶಾಯಿಗಳ ಚುಕ್ಕಿಗಳಿಂದ ಆದವು, ಕೈಯಿಂದ ಹಚ್ಚಿದ ಬಣ್ಣ ಮಾತ್ರ ಚುಕ್ಕಿಗಳ ನಡುವಿನ ಖಾಲಿ ಜಾಗವನ್ನೂ ತುಂಬಿಬಿಡುತ್ತದೆ.

ಈ ಪುಸ್ತಕಗಳನ್ನು ಇಡುವ ಚೀಲದ ಆಯ್ಕೆಯೂ ರಸಾಯನಶಾಸ್ತ್ರದ ಪ್ರಶ್ನೆ. ಪಿವಿಸಿ ಚೀಲಗಳು ಕಾಲಕ್ರಮದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತವೆ. ಮೆದುವಾಗಲೆಂದು ಅವುಗಳಲ್ಲಿ ಬೆರೆಸಿದ ಎಣ್ಣೆಯಂಥ ಪದಾರ್ಥ ಹೊರಬಂದು ಶಾಯಿಗೆ ಅಂಟಿಕೊಳ್ಳುತ್ತದೆ. ಮೈಲಾರ್ ಎಂದು ಹೆಸರಾದ ಪಾಲಿಯೆಸ್ಟರ್ ಹಾಳೆ ಹೆಚ್ಚುಕಡಿಮೆ ನಿಷ್ಕ್ರಿಯ, ಆದ್ದರಿಂದ ಗ್ರಂಥಾಲಯಗಳೂ ಅದನ್ನೇ ಬಳಸುತ್ತವೆ. ಪುಸ್ತಕದ ಬೆನ್ನಿಗೆ ಕೊಡುವ ರಟ್ಟಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆತಿದ್ದರೆ ಅದು ಪಕ್ಕದಲ್ಲಿ ಹುಟ್ಟುವ ಆಮ್ಲವನ್ನು ಸ್ವಲ್ಪಮಟ್ಟಿಗೆ ತಟಸ್ಥಗೊಳಿಸುತ್ತದೆ. ಸಾಮಾನ್ಯ ರಟ್ಟು ತಾನೇ ಆಮ್ಲೀಯವಾಗಿದ್ದು ಹಾನಿಯನ್ನು ಹೆಚ್ಚಿಸುತ್ತದೆ. ಮೆಗ್ನೀಸಿಯಂ ಸಂಯುಕ್ತಗಳನ್ನು ಹಾಳೆಗೆ ಸೇರಿಸಿ ಆಮ್ಲವನ್ನು ತಣಿಸುವ ಚಿಕಿತ್ಸೆಯನ್ನು ದೊಡ್ಡ ಗ್ರಂಥಾಲಯಗಳು ಲಕ್ಷಗಟ್ಟಲೆ ಪುಸ್ತಕಗಳಿಗೆ ಮಾಡಿವೆ. ಅದು ಮುಂದಿನ ನಾಶವನ್ನು ನಿಧಾನಗೊಳಿಸಬಲ್ಲದೇ ಹೊರತು ತುಂಡಾದ ಸರಪಳಿಯನ್ನು ಮತ್ತೆ ಜೋಡಿಸಲಾರದು.

ಈ ವಿಷಯದಲ್ಲಿ ಕನ್ನಡಕ್ಕೆ ನೇರ ಸಂಬಂಧವಿದೆ, ಅದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಭಾರತದ ಅತ್ಯಂತ ಪ್ರಸಿದ್ಧ ಚಿತ್ರಕಥಾ ಮಾಲೆಯಾದ ‘ಅಮರ ಚಿತ್ರಕಥೆ’ ಎಂದೊಡನೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರೂ 1967ನೆಯ ಇಸವಿಯೂ ನೆನಪಾಗುತ್ತವೆ. ಆದರೆ ಆ ಹೆಸರಿನ ಮೊದಲ ಪುಸ್ತಕಗಳು 1965ರಲ್ಲಿ ಕನ್ನಡದಲ್ಲೇ ಬಂದವು. ಇಂಡಿಯಾ ಬುಕ್ ಹೌಸ್ ಸಂಸ್ಥೆಯಲ್ಲಿದ್ದ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಹೊರಬಂದ ಅವು ಪಾಶ್ಚಾತ್ಯ ಮಕ್ಕಳ ಕತೆಗಳಾಗಿದ್ದವು. ಮಾಲೆಯ ಮೊದಲ ಹತ್ತು ಸಂಖ್ಯೆಗಳು ಅಂಥ ಕತೆಗಳಿಗೇ ಹೋದದ್ದರಿಂದ, ಅನಂತ ಪೈ ಅವರ ‘ಕೃಷ್ಣ’ 11ನೆಯ ಸಂಖ್ಯೆಯಿಂದ ಶುರುವಾಗುತ್ತದೆ. ಅದಕ್ಕೆ ತುಸು ಮುಂಚೆ, 1964ರ ಮಾರ್ಚ್‌ನಲ್ಲಿ, ಫ್ಯಾಂಟಮ್ ಕತೆಗಳೊಂದಿಗೆ ಹೊರಟ ‘ಇಂದ್ರಜಾಲ ಕಾಮಿಕ್ಸ್’ 1990ರವರೆಗೆ ಹಲವು ಭಾರತೀಯ ಭಾಷೆಗಳಲ್ಲಿ ನಡೆಯಿತು. ಇವುಗಳ ಆರಂಭದ ಸಂಚಿಕೆಗಳು ಈಗ ಅರವತ್ತರ ಗಡಿಯಲ್ಲಿವೆ, ಅಂದರೆ ಅಗ್ಗದ ಕಾಗದ ಪೆಡಸಾಗಿ ಮುರಿಯತೊಡಗುವ ವಯಸ್ಸಿನಲ್ಲಿ.

ನಮ್ಮ ಹವೆಯೂ ಡೆನ್ವರಿನದಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳ ಉದ್ದಕ್ಕೂ ಗಾಳಿಯ ತೇವಾಂಶ ಶೇ 80ನ್ನು ಮೀರುತ್ತದೆ, ಕಾಗದಕ್ಕೆ ಹಿತವಾದದ್ದು ಸುಮಾರು ಶೇ 30ರಿಂದ 50ರವರೆಗಿನ ಮಟ್ಟ. ಶೇ 65ನ್ನು ದಾಟಿ ಬಹಳ ದಿನ ನಿಂತರೆ ಬೂಷ್ಟು ಹಿಡಿಯುತ್ತದೆ, ಸ್ಟೇಪಲ್ ಪಿನ್ನು ತುಕ್ಕು ಹಿಡಿದು ಆ ಕಬ್ಬಿಣವೇ ಸುತ್ತಲಿನ ಕಾಗದದ ಉತ್ಕರ್ಷಣವನ್ನು, ಅಂದರೆ ಆಮ್ಲಜನಕದೊಂದಿಗೆ ವರ್ತಿಸಿ ಕೆಡುವುದನ್ನು, ವೇಗಗೊಳಿಸುತ್ತದೆ. ಇದರ ಮೇಲೆ ಗೆದ್ದಲಿನ ಕಾಟ ಬೇರೆ. ನಮ್ಮ ಮನೆಗಳಲ್ಲಿ ಹತ್ತಾರು ಸಂಚಿಕೆಗಳನ್ನು ಸೇರಿಸಿ ಬೈಂಡ್ ಮಾಡಿಸುವ ವಾಡಿಕೆಯಿತ್ತು. ಅಂಚು ಕತ್ತರಿಸಿ ಹೊಲಿದ ಅಂಥ ಪ್ರತಿಗಳಿಗೆ ಪೇಟೆಯಲ್ಲಿ ಬೆಲೆ ಕಡಿಮೆ. ಆದರೆ ಬಿಡಿ ಸಂಚಿಕೆಗಳು ರದ್ದಿಗೆ ಹೋದ ಎಷ್ಟೋ ಕಡೆ ಉಳಿದದ್ದು ಈ ಬೈಂಡ್ ಪುಸ್ತಕಗಳೇ. ಬೆಳಕೂ ಗಾಳಿಯೂ ತಾಕದ ಅವುಗಳ ನಡುಹಾಳೆಗಳಲ್ಲಿ, ಅಂಚು ಕಂದಿದ್ದರೂ, ಬಿಳುಪು ಉಳಿದಿರುವುದುಂಟು. ಮೂಲರೂಪ ಕೆಟ್ಟಿತೆಂದು ಇವನ್ನು ಕಡೆಗಣಿಸುವ ಸಂಗ್ರಾಹಕರ ನಿಲುವನ್ನು ನಾನು ಒಪ್ಪಲಾರೆ. ಕನ್ನಡದ ಮಟ್ಟಿಗೆ ಅವು ಅಮೂಲ್ಯ.

ಅಟ್ಟದ ಮೇಲೋ ಹಳೆಯ ಟ್ರಂಕಿನಲ್ಲೋ ಇಂಥ ಕಟ್ಟೊಂದು ಸಿಕ್ಕವರು ಮೊದಲು ಮಾಡಬೇಕಾದದ್ದು, ಒಣಗಲೆಂದು ಅದನ್ನು ಬಿಸಿಲಿಗೆ ಹಾಕದಿರುವುದು. ಸೆಲ್ಲೋಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಂದಾಗಿ ಕಾಗದದೊಳಗೆ ಇಳಿದು ಶಾಶ್ವತ ಕಲೆಯಾಗುವುದರಿಂದ ಹರಿದ ಪುಟವನ್ನು ಹಾಗೆಯೇ ಬಿಡುವುದು ಮೇಲು. ಲ್ಯಾಮಿನೇಷನ್ ಅಂತೂ ಆಮ್ಲವನ್ನು ಒಳಗೇ ಬಂಧಿಸಿ, ಮತ್ತೆ ಸರಿಪಡಿಸಲಾಗದ ಕೆಲಸ ಮಾಡಿಬಿಡುತ್ತದೆ. ನುಸಿಗುಳಿಗೆ ಹುಳುವನ್ನು ದೂರವಿಟ್ಟೀತು, ಆಮ್ಲಕ್ಕೆ ಅದರಿಂದ ಏನೂ ಆಗದು. ಮಳೆಗಾಲದಲ್ಲಿ ಚೀಲದ ಬಾಯಿಯನ್ನು ಬಿಗಿಯಾಗಿ ಮುಚ್ಚಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಒಣಹವೆಯ ದಿನಗಳಲ್ಲಿ ಚೀಲಕ್ಕೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಪೆಟ್ಟಿಗೆಯಲ್ಲಿ ಸಮತಟ್ಟಾಗಿ ಮಲಗಿಸಿ, ಹೊರಗೋಡೆಗೂ ಚಾವಣಿಗೂ ತಾಗದ ಒಳಕೋಣೆಯಲ್ಲಿ ಇಡಬೇಕು. ಪುಟಗಳು ತಿರುವಿದರೆ ಮುರಿಯುವಷ್ಟು ಪೆಡಸಾಗಿದ್ದರೆ ಪುಸ್ತಕವನ್ನು ಪೂರ್ತಿ ಬಿಡಿಸದೆ, ಅರ್ಧ ತೆರೆದು ಎರಡೂ ಕಡೆ ಆಸರೆ ಕೊಟ್ಟು ಒಂದೊಂದೇ ಪುಟದ ಛಾಯಾಚಿತ್ರ ತೆಗೆಯಬೇಕು. ಆಗ ಕತೆಯ ಪುಟಗಳ ಜೊತೆಗೆ ಜಾಹೀರಾತು, ಬೆಲೆ, ಮುದ್ರಣಾಲಯದ ವಿವರ, ಸರ್ಕ್ಯುಲೇಟಿಂಗ್ ಲೈಬ್ರರಿಯ ಮೊಹರು ಇವುಗಳನ್ನೂ ಬಿಡಬಾರದು. 1965ರ ಕನ್ನಡ ಮಾಲೆಯಂಥ ಪುಸ್ತಕಗಳು ಎಲ್ಲಿ ಅಚ್ಚಾದವು, ಎಷ್ಟಕ್ಕೆ ಮಾರಾಟವಾದವು, ಯಾವ ಊರಿನ ಓದುಗರ ಕೈಗೆ ತಲುಪಿದವು ಎಂಬುದನ್ನು ಮುಂದೆ ಹುಡುಕುವವರಿಗೆ ಆ ವಿವರಗಳೇ ಆಧಾರ.