ಕ್ರಾಲಿಂಗ್, ಕ್ರೀಪಿಂಗ್: ಮಗುವಿನ ಹೊಟ್ಟೆ ನೆಲ ಬಿಟ್ಟಿದೆಯಾ?

ಮಕ್ಕಳ ಫಿಸಿಯೋಥೆರಪಿಗೆ ಬರುವ ಅಪ್ಪ-ಅಮ್ಮಂದಿರನ್ನು ಎರಡು ಇಂಗ್ಲಿಷ್ ಪದಗಳು ಸುಮ್ನೆ ಗಾಬರಿಪಡಿಸುತ್ತವೆ. ಒಂದು ಕ್ರಾಲಿಂಗ್, ಇನ್ನೊಂದು ಕ್ರೀಪಿಂಗ್. ‘ಕ್ರಾಲಿಂಗ್ ಇದೆ, ಕ್ರೀಪಿಂಗ್ ಇನ್ನೂ ಬಂದಿಲ್ಲ’ ಎಂದು ರಿಪೋರ್ಟಿನಲ್ಲಿ ಒಂದು ಸಾಲು ಇರುತ್ತದೆ. ಫೋನಿನಲ್ಲಿ ಅರ್ಥ ಹುಡುಕಿದರೆ ಎರಡಕ್ಕೂ ‘ತೆವಳು’ ಅಂತಲೇ ಬರುತ್ತದೆ. ಹಾಗಾದರೆ ಬಂದಿದ್ದು ಯಾವುದು, ಬಾರದೆ ಇರುವುದು ಯಾವುದು?

ನಮ್ಮ ಕೆಲಸದಲ್ಲಿ ಈ ಪದಗಳಿಗೆ ಬೇರೆ ಬೇರೆ ಅರ್ಥ ಇದೆ. ಮಗು ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡೇ, ಕೈಯಿಂದ ಮೈ ಎಳೆದುಕೊಂಡು ಮುಂದೆ ಸರಿದರೆ ಅದು ಕ್ರಾಲಿಂಗ್. ಹೊಟ್ಟೆ ಎತ್ತಿ, ಅಂಗೈ ಮತ್ತು ಮಂಡಿಯ ಮೇಲೆ ಹೋದರೆ ಕ್ರೀಪಿಂಗ್. ಅಮೆರಿಕದ ಮನಶ್ಶಾಸ್ತ್ರಜ್ಞೆ ಮರ್ಟಲ್ ಮೆಕ್‌ಗ್ರಾ 1941ರಲ್ಲಿ ಶಿಶುಗಳ ಚಲನೆಯ ಬಗ್ಗೆ ಬರೆದಾಗಲೂ ಎರಡೂ ಪದಗಳನ್ನು ಜೊತೆಗೆ ಬಳಸಿದ್ದರು. ಮನೆಮಾತಿನ ಇಂಗ್ಲಿಷಿನಲ್ಲಿ ಮಾತ್ರ ಈ ಗೆರೆ ಇಲ್ಲ. ಅಲ್ಲಿ ಮಗು ಮಂಡಿಯ ಮೇಲೆ ಹೋದರೂ ಕ್ರಾಲ್ ಅಂತಲೇ ಹೇಳುತ್ತಾರೆ. ಕ್ರೀಪ್ ಅಂದರೆ ಅವರಿಗೆ ಬೆಕ್ಕು ಇಲಿಯ ಕಡೆ ಸದ್ದಿಲ್ಲದೆ ಹೋಗುವ ಹಾಗೆ ಹೋಗುವುದು. ಮೊಬೈಲ್ ಆ್ಯಪ್‌ಗಳು ಮನೆಮಾತಿನ ಅರ್ಥ ಹಿಡಿಯುತ್ತವೆ, ರಿಪೋರ್ಟ್ ನಮ್ಮ ಅರ್ಥ ಹಿಡಿಯುತ್ತದೆ. ಗೊಂದಲ ಆಗುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಧ್ಯಯನದಲ್ಲಿ ‘ಕೈ-ಮಂಡಿಯ ಮೇಲಿನ ಕ್ರಾಲಿಂಗ್’ ಎಂದು ಬಿಡಿಸಿಯೇ ಬರೆದಿದೆ. ಎಲ್ಲರೂ ಹೀಗೆ ಬರೆದರೆ ಎಷ್ಟೋ ಮನೆಯವರಿಗೆ ನಿದ್ದೆ ಬರುತ್ತದೆ.

ಕನ್ನಡದಲ್ಲಿ ಈ ತೊಂದರೆ ಕಡಿಮೆ. ಒಂದಕ್ಕೆ ತೆವಳುವುದು, ಇನ್ನೊಂದಕ್ಕೆ ಅಂಬೆಗಾಲಿಡುವುದು. ಯಾವ ಅಜ್ಜಿಯನ್ನು ಕೇಳಿದರೂ ವ್ಯತ್ಯಾಸ ಹೇಳುತ್ತಾರೆ. ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನಲ್ಲಿರುವ ಅಂಬೆಗಾಲು ಕೃಷ್ಣನನ್ನು ನೋಡಿದವರಿಗೆ ಇನ್ನೂ ಸುಲಭ. ಮಂಡಿ ಊರಿದ್ದಾನೆ, ಒಂದು ಕೈಯಲ್ಲಿ ಬೆಣ್ಣೆ. ಅಂದರೆ ಭಾರವೆಲ್ಲ ಇನ್ನೊಂದು ಕೈ ಮತ್ತು ಎರಡು ಮಂಡಿಯ ಮೇಲೆ. ಮೂರೇ ಆಸರೆಯಲ್ಲಿ ಬೀಳದೆ ನಿಲ್ಲುವುದು ಅಂಬೆಗಾಲು ಚೆನ್ನಾಗಿ ಪಳಗಿದ ಮೇಲೆ ಬರುವ ವಿದ್ಯೆ.

ಹೊಟ್ಟೆ ನೆಲ ಬಿಡುವುದನ್ನು ನಾವು ಇಷ್ಟೊಂದು ಗಮನಿಸುವುದಕ್ಕೆ ಕಾರಣ ಇದೆ. ತೆವಳುವಾಗ ಮೈ ಭಾರವನ್ನು ನೆಲವೇ ಹೊರುತ್ತದೆ. ಹೊಟ್ಟೆ ಎತ್ತಿದ ಕೂಡಲೇ ಆ ಭಾರ ಭುಜ, ಅಂಗೈ, ಸೊಂಟಕ್ಕೆ ಬೀಳುತ್ತದೆ. ಅದಕ್ಕೇ ಎಷ್ಟೋ ಮಕ್ಕಳು ಕೈ-ಮಂಡಿ ಊರಿ, ಮುಂದೆ ಹೋಗದೆ, ನಿಂತಲ್ಲೇ ಹಿಂದೆ ಮುಂದೆ ತೂಗುತ್ತಾರೆ. ‘ಇದೇನು ಡಾಕ್ಟ್ರೇ, ಸುಮ್ನೆ ತೂಗ್ತಾಳೆ, ಹೋಗಲ್ಲ’ ಅಂತ ಅಮ್ಮಂದಿರು ಕೇಳುತ್ತಾರೆ. ಅದು ಒಳ್ಳೆಯ ಲಕ್ಷಣ. ಭಾರವನ್ನು ಕೈಯಿಂದ ಮಂಡಿಗೆ, ಮಂಡಿಯಿಂದ ಕೈಗೆ ದಾಟಿಸುವುದನ್ನು ಮಗು ಕಲಿಯುತ್ತಿದೆ. ಆಮೇಲೆ ಒಂದು ಕೈ ಎತ್ತುತ್ತದೆ. ಸ್ವಲ್ಪ ದಿನಕ್ಕೆ ಬಲಗೈ ಜೊತೆ ಎಡ ಮಂಡಿ, ಎಡಗೈ ಜೊತೆ ಬಲ ಮಂಡಿ ಹೆಜ್ಜೆ ಹಾಕುತ್ತವೆ. ನಡೆಯುವಾಗ ನಾವು ಕೈ ಬೀಸುವುದೂ ಇದೇ ಲಯದಲ್ಲಿ, ಅಲ್ವಾ?

ವಯಸ್ಸಿನ ಬಗ್ಗೆ ಜಾಸ್ತಿ ಹೆದರಬೇಡಿ. 2006ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಆ ಅಧ್ಯಯನದಲ್ಲಿ ಭಾರತದ ಮಕ್ಕಳೂ ಇದ್ದರು. ಆರೋಗ್ಯವಂತ ಮಕ್ಕಳು ಅಂಬೆಗಾಲು ಶುರು ಮಾಡಿದ್ದು ಸುಮಾರು 5.2ರಿಂದ 13.5 ತಿಂಗಳ ನಡುವೆ. ಶೇಕಡಾ 4.3ರಷ್ಟು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಕೆಲವರು ಕೂತಲ್ಲೇ ಕುಂಡಿ ಸರಿಸಿಕೊಂಡು ಮನೆಯೆಲ್ಲ ಓಡಾಡುತ್ತಾರೆ, ಒಂದು ದಿನ ಗೋಡೆ ಹಿಡಿದು ನಿಲ್ಲುತ್ತಾರೆ. ತೆವಳದೆ ನೇರ ಅಂಬೆಗಾಲಿಗೆ ಬರುವವರೂ ಇದ್ದಾರೆ. ಆದ್ದರಿಂದ ‘ಕ್ರೀಪಿಂಗ್ ಬಂದಿಲ್ಲ’ ಅನ್ನುವ ಒಂದೇ ಸಾಲು ನೋಡಿ ಮಗುವಿಗೆ ಏನೋ ಆಗಿದೆ ಎಂದುಕೊಳ್ಳಬೇಡಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ, ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ವಯಸ್ಸು ಲೆಕ್ಕ ಹಾಕಬೇಕು.

ನನಗೆ ಯೋಚನೆ ಹತ್ತುವುದು ಮಗು ಸರಿಯುವ ರೀತಿ ನೋಡಿ. ಯಾವಾಗಲೂ ಒಂದೇ ಕೈಯಿಂದ ಮೈ ಎಳೆಯುವುದು, ಇನ್ನೊಂದು ಕೈ ಮುಷ್ಟಿ ಬಿಗಿದೇ ಇರುವುದು. ತೆವಳುವಾಗ ಎರಡೂ ಕಾಲು ಕೋಲಿನಂತೆ ಸೆಟೆದು ಹಿಂದೆ ಎಳೆದುಕೊಂಡು ಬರುವುದು. ಅಂಬೆಗಾಲಿನಲ್ಲಿ ಯಾವಾಗಲೂ ಎರಡು ಮಂಡಿಯನ್ನೂ ಒಟ್ಟಿಗೆ ಕುಪ್ಪಳಿಸುವುದು. ಮೊದಲು ಮಾಡುತ್ತಿದ್ದುದನ್ನು ಈಗ ಬಿಟ್ಟುಬಿಡುವುದು. ಇವುಗಳಲ್ಲಿ ಯಾವುದು ಕಂಡರೂ ‘ದೊಡ್ಡವನಾದರೆ ಸರಿಹೋಗುತ್ತದೆ’ ಎಂದು ಕಾಯಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ. ಇಂಥ ಮಕ್ಕಳಿಗೆ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಅಂಬೆಗಾಲು ಬರಲಿ ಅಂತ ಚಕ್ರದ ವಾಕರ್ ತರಬೇಡಿ. ಅದರಲ್ಲಿ ಕೂತ ಮಗುವಿಗೆ ಕೈ ಊರುವ ಕೆಲಸವೇ ಇಲ್ಲ, ಮೇಲಾಗಿ ಮೆಟ್ಟಿಲಿನಿಂದ ಬೀಳುವ ಅಪಾಯ. ಕೆನಡಾ 2004ರಲ್ಲೇ ಇದನ್ನು ನಿಷೇಧಿಸಿತು. ಎಚ್ಚರ ಇದ್ದಾಗ ಮಗುವನ್ನು ಚಾಪೆಯ ಮೇಲೆ ಬೋರಲು ಹಾಕಿ, ನೀವೂ ಎದುರಿಗೆ ಮಲಗಿಕೊಳ್ಳಿ. ಆಟದ ಸಾಮಾನನ್ನು ಕೈಗೆ ಸ್ವಲ್ಪ ಎಟುಕದ ಹಾಗೆ ಇಡಿ.

ಡಾಕ್ಟರ ಹತ್ತಿರ ಹೋದಾಗ ಇಂಗ್ಲಿಷ್ ಪದ ಹುಡುಕುತ್ತಾ ಕೂರಬೇಡಿ. ‘ಹೊಟ್ಟೆ ಮೇಲೆ ತೆವಳ್ತಾನೆ, ಎಡಗೈ ಕಮ್ಮಿ ಬಳಸ್ತಾನೆ’ ಅಂದರೆ ನಮಗೆ ಬೇಕಾದ್ದು ಸಿಕ್ಕಿತು. ಜೊತೆಗೆ ಒಂದು ನಿಮಿಷದ ವಿಡಿಯೋ ತನ್ನಿ. ಫೋನನ್ನು ನೆಲದ ಮಟ್ಟಕ್ಕೆ ಹಿಡಿದು, ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ತೆಗೆಯಿರಿ. ಮಗುವಿನ ಕಾಲು ಪೂರ್ತಿ ಕಾಣಲಿ, ಪ್ಯಾಂಟ್ ಬೇಡ.