ಸಿಲಬಸ್ ಜೇಬಿಗೆ ಇಳಿದ ಕಥೆ: ಪಾಮ್ ಕಾಲದಿಂದ ಇವತ್ತಿನ ಆಪ್‌ಗಳವರೆಗೆ

ಕಾಲೇಜು ಶುರುವಾಗೋ ಹೊತ್ತಿಗೆ ನೆಂಟರ ಮಕ್ಕಳಲ್ಲಿ ಯಾರಾದ್ರೂ ಒಬ್ರು ನನ್ನ ಕೇಳೇ ಕೇಳ್ತಾರೆ, ಅಸೈನ್‌ಮೆಂಟು ಇಂಟರ್ನಲ್ಸು ಲ್ಯಾಬ್ ರೆಕಾರ್ಡು ಎಲ್ಲಾ ನೆನಪಿಟ್ಕೊಳ್ಳೋಕೆ ಯಾವ ಆಪ್ ಹಾಕ್ಕೊಳ್ಳಲಿ ಅಂತ. ಗೂಗಲ್ ಕ್ಯಾಲೆಂಡರ್ ಸಾಕು ಅನ್ನೋರಿದ್ದಾರೆ, ನೋಷನ್ ಇಲ್ದೆ ಆಗಲ್ಲ ಅನ್ನೋರಿದ್ದಾರೆ, ಮೈ ಸ್ಟಡಿ ಲೈಫ್ ಅನ್ನೋರಿದ್ದಾರೆ, ಒಬ್ಬೊಬ್ರದ್ದು ಒಂದೊಂದು ವಿಡಿಯೋ, ಎಲ್ಲಾ ನೋಡಿ ಮುಗಿಸೋ ಹೊತ್ತಿಗೆ ಮೊದಲ ಇಂಟರ್ನಲ್ಸ್ ಬಂದಿರುತ್ತೆ. ಆದ್ರೆ ಈ ಪ್ರಶ್ನೆ ಹೊಸದೇನಲ್ಲ. ಇಪ್ಪತ್ತೈದು ವರ್ಷದ ಹಿಂದೆ ಅಮೆರಿಕದ ಕಾಲೇಜುಗಳಲ್ಲಿ ಇದೇ ಪ್ರಶ್ನೆ, ಇದೇ ಗೊಂದಲ ಇತ್ತು, ಆಗ ಕೈಯಲ್ಲಿ ಫೋನ್ ಬದಲು ಪಾಮ್ ಅನ್ನೋ ಅಂಗೈ ಕಂಪ್ಯೂಟರ್ ಇತ್ತು ಅಷ್ಟೇ. ಆಗ ಏನಾಯ್ತು ಅಂತ ತಿಳ್ಕೊಂಡ್ರೆ ಇವತ್ತಿನ ಆಯ್ಕೆ ಸ್ವಲ್ಪ ಹಗುರ ಆಗುತ್ತೆ ಅನ್ಸುತ್ತೆ ನಂಗೆ.

ಅದಕ್ಕೂ ಮುಂಚೆ ತಾರೀಕು, ನಂಬರ್ ಬರೆದಿಡೋಕೆ ಜನ ಇಟ್ಕೊಳ್ತಿದ್ದ ಸಾಧನಗಳ ಕಥೆ ಬೇಗ ಮುಗಿಸ್ತೀನಿ. ಮೊದಲು ಪೇಪರ್ ಡೈರಿ, 1984ರಲ್ಲಿ ಇಂಗ್ಲೆಂಡಿನ ಪ್ಸಿಯಾನ್ ಆರ್ಗನೈಸರ್, ಆಮೇಲೆ ನಮ್ಮೂರಲ್ಲೂ ದೊಡ್ಡವರ ಜೇಬಲ್ಲಿ ಕಾಣಿಸ್ತಿದ್ದ ಕ್ಯಾಸಿಯೋ ಡಿಜಿಟಲ್ ಡೈರಿ, 1993ರಲ್ಲಿ ಆಪಲ್‌ನ ನ್ಯೂಟನ್, ಅದು ಐದು ವರ್ಷ ಕೂಡ ಪೂರ್ತಿ ಬಾಳದೆ 1998ರಲ್ಲಿ ನಿಂತೋಯ್ತು.

ನಿಜವಾದ ಕಥೆ ಶುರುವಾಗೋದು 1996ರ ಮಾರ್ಚಲ್ಲಿ, ಪಾಮ್‌ನವರ ಪೈಲಟ್ 1000, ಪೈಲಟ್ 5000 ಅಂತ ಎರಡು ಸಾಧನ ಬಂದಾಗ. ಇದನ್ನ ಮಾಡಿದ ಜೆಫ್ ಹಾಕಿನ್ಸ್, ಮಾಡೋಕೆ ಮುಂಚೆ ಅದೇ ಅಳತೆಯ ಒಂದು ಮರದ ತುಂಡನ್ನ ಶರ್ಟ್ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ರು, ಮೀಟಿಂಗಲ್ಲಿ ಅದನ್ನೇ ತೆಗೆದು ಬರೆದಂಗೆ ಮಾಡಿ ನೋಡ್ತಿದ್ರು. ಜೇಬಲ್ಲಿ ಹಿಡಿಸಬೇಕು, ತೆಗೆದ ತಕ್ಷಣ ಆನ್ ಆಗಬೇಕು, ಒಂದು ಗುಂಡಿ ಒತ್ತಿದ್ರೆ ಅದರಲ್ಲಿರೋದೂ ಕಂಪ್ಯೂಟರಲ್ಲಿರೋದೂ ಒಂದೇ ಆಗಬೇಕು, ಅಷ್ಟೇ ಅವರಿಗೆ ಬೇಕಾಗಿದ್ದು. ಪೈಲಟ್ 1000ರಲ್ಲಿ ಇದ್ದ ಮೆಮೊರಿ 128 ಕೆಬಿ, ಸ್ಕ್ರೀನು 160 ಚುಕ್ಕಿ ಉದ್ದ 160 ಚುಕ್ಕಿ ಅಗಲ, ಎರಡು ಸಣ್ಣ ಪೆನ್ಸಿಲ್ ಸೆಲ್ ಹಾಕಿದ್ರೆ ವಾರಗಟ್ಟಲೆ ಬರ್ತಿತ್ತು. ಬೆಲೆ 299 ಡಾಲರ್. ಕೆಳಗಡೆ ನಾಲ್ಕು ಗುಂಡಿ: ಡೇಟ್‌ಬುಕ್ ಅಂದ್ರೆ ಕ್ಯಾಲೆಂಡರ್, ಅಡ್ರೆಸ್, ಮಾಡಬೇಕಾದ ಕೆಲಸಕ್ಕೆ ಟು-ಡು, ಟಿಪ್ಪಣಿಗೆ ಮೆಮೊ.

ಈ ನಾಲ್ಕು ಗುಂಡಿ ಆಫೀಸಿಗೆ ಹೋಗೋರನ್ನ ಮನಸ್ಸಲ್ಲಿಟ್ಕೊಂಡು ಮಾಡಿದ್ದು. ವಿದ್ಯಾರ್ಥಿಗಳ ಕೈಗೆ ಅದು ಬಂದಿದ್ದು ಆಮೇಲೆ, ಬೆಲೆ ಇಳಿದಂಗೆ. ಹಾಕಿನ್ಸ್ ಮತ್ತೆ ಅವರ ಜೊತೆಗಾರ್ತಿ ಡಾನಾ ಡುಬಿನ್ಸ್ಕಿ 1998ರಲ್ಲಿ ಪಾಮ್ ಬಿಟ್ಟು ಹ್ಯಾಂಡ್‌ಸ್ಪ್ರಿಂಗ್ ಶುರು ಮಾಡಿ, 1999ರಲ್ಲಿ ಪಾಮ್ ಸಾಫ್ಟ್‌ವೇರೇ ಇರೋ ವೈಸರ್ ತಂದ್ರು, 8 ಎಂಬಿ ಇರೋ ವೈಸರ್ ಡಿಲಕ್ಸ್ 249 ಡಾಲರ್. 2000ದಲ್ಲಿ ಪಾಮ್ ಎಂ100 ಬಂತು, 149 ಡಾಲರ್. 2002ರಲ್ಲಿ ಬಂದ ಪಾಮ್ ಜೈರ್‌ಗೆ ಬರೀ 99. ಯೂನಿವರ್ಸಿಟಿ ಆಫ್ ಸೌತ್ ಡಕೋಟ ಅಂತೂ 2001ರಲ್ಲಿ ಮೊದಲ ವರ್ಷಕ್ಕೆ ಸೇರೋ ಹುಡುಗ್ರಿಗೆಲ್ಲಾ ಪಾಮ್ ಇರಲೇಬೇಕು ಅಂತ ನಿಯಮ ಮಾಡ್ತು. ಅಂದ್ರೆ ಸಾಧನ ಕೈಗೆ ಬಂತು. ಅದರಲ್ಲಿ ಏನು ಹಾಕ್ಕೊಳ್ಳೋದು ಅನ್ನೋದೇ ಮುಂದಿನ ತಲೆನೋವು.

ಅಲ್ಲಿಯ ಪದ್ಧತಿ ಗೊತ್ತಿಲ್ದೆ ಇರೋರಿಗೆ ಒಂದು ಮಾತು. ನಮ್ಮಲ್ಲಿ ಟೆಸ್ಟ್ ತಾರೀಕು ನೋಟಿಸ್ ಬೋರ್ಡಿಗೆ ಬರುತ್ತೆ, ಇಲ್ಲಾ ಮೇಷ್ಟ್ರು ಕ್ಲಾಸಲ್ಲಿ ಹೇಳ್ತಾರೆ. ಅಮೆರಿಕದಲ್ಲಿ ಮೊದಲ ದಿನಾನೇ ಸಿಲಬಸ್ ಅಂತ ನಾಲ್ಕೈದು ಹಾಳೆ ಕೈಗೆ ಕೊಡ್ತಾರೆ, ಹದಿನೈದು ವಾರದ ಪೂರ್ತಿ ಲೆಕ್ಕ ಅದರಲ್ಲೇ ಇರುತ್ತೆ, ಯಾವ ವಾರ ಯಾವ ಪಾಠ, ಯಾವ ಹೋಮ್‌ವರ್ಕ್ ಯಾವತ್ತು, ಮಿಡ್‌ಟರ್ಮ್‌ಗೆ ಎಷ್ಟು ಪರ್ಸೆಂಟ್, ಫೈನಲ್‌ಗೆ ಎಷ್ಟು. ಆಮೇಲೆ ಯಾರೂ ನೆನಪಿಸಲ್ಲ. ಬೆಂಗಳೂರಿಂದ ಎಂಎಸ್ ಮಾಡೋಕೆ ಹೋದ ನಮ್ಮಂಥೋರಿಗೆ ಮೊದಲ ಸೆಮಿಸ್ಟರಲ್ಲಿ ಪೆಟ್ಟು ಬೀಳ್ತಿದ್ದಿದ್ದು ಇಲ್ಲೇ, ಓದೋದ್ರಲ್ಲಿ ಹಿಂದೆ ಬಿದ್ದು ಅಲ್ಲ, ತಾರೀಕು ತಪ್ಪಿಸ್ಕೊಂಡು.

ನಾನು ಹೋಗಿದ್ದು 2002ರ ಆಗಸ್ಟಲ್ಲಿ. ಒಬ್ಬ ಸೀನಿಯರ್ ಹತ್ರ ಹಳೇ ವೈಸರ್ ಡಿಲಕ್ಸ್ ನಲವತ್ತು ಡಾಲರ್‌ಗೆ ತಗೊಂಡೆ, ಮೂರು ಕೋರ್ಸಿನ ಸಿಲಬಸ್ ಮುಂದೆ ಹರವಿಕೊಂಡು ರೂಮಲ್ಲಿ ನೆಲದ ಮೇಲೆ ಕೂತು ಅದರ ಸ್ಕ್ರೀನಿನ ಮೇಲೆ ಸ್ಟೈಲಸ್ ಕಡ್ಡಿಯಲ್ಲಿ ಬರೆಯೋಕೆ ಶುರು ಮಾಡ್ದೆ. ಗ್ರಾಫಿಟಿ ಅಂತ ಅದರದ್ದೇ ಒಂದು ಲಿಪಿ, ಪ್ರತಿ ಇಂಗ್ಲಿಷ್ ಅಕ್ಷರಾನೂ ಕಡ್ಡಿ ಎತ್ತದೆ ಒಂದೇ ಎಳೆಯಲ್ಲಿ ಬರೀಬೇಕು. ‘ಎ’ ಅಂದ್ರೆ ಅಡ್ಡಗೆರೆ ಇಲ್ಲದ ಮನೆ ಚಾವಣಿ, ‘ಟಿ’ ಅಂದ್ರೆ ಅಡ್ಡಕ್ಕೆ ಹೋಗಿ ಕೆಳಗೆ ಇಳಿಯೋ ಗೆರೆ, ‘ಕೆ’ ಬರೆದ್ರೆ ಮೀನು ಬರೆದಂಗೆ. ಎರಡು ದಿನಕ್ಕೆ ಕೈ ಕೂರುತ್ತೆ. ಆದ್ರೂ ಮೂರು ಸಿಲಬಸ್ ತುಂಬಿಸೋಕೆ ಒಂದು ಇಡೀ ಸಂಜೆ ಬೇಕಾಯ್ತು, ಅದಾದ್ಮೇಲೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆ ವಾರದ ಕ್ಲಾಸುಗಳನ್ನ ಒಂದೊಂದಾಗಿ ಅಳಿಸ್ಬೇಕು, ಅಳಿಸೋವಾಗ ಇದೊಂದೇ ದಿನಾನಾ, ಎಲ್ಲಾ ದಿನಾನಾ ಅಂತ ಅದು ಕೇಳುತ್ತೆ, ತಪ್ಪಿ ಒತ್ತಿದ್ರೆ ಸೆಮಿಸ್ಟರ್ ಪೂರ್ತಿ ಕ್ಲಾಸೇ ಮಾಯ.

ಸಾಫ್ಟ್‌ವೇರ್ ವಿಷಯಕ್ಕೆ ಬರೋಣ. ಆಗ ವಿದ್ಯಾರ್ಥಿಗೆ ಮೂರು ದಾರಿ ಇತ್ತು. ಒಂದು, ಜೊತೆಗೆ ಬಂದ ಆ ನಾಲ್ಕು ಪ್ರೋಗ್ರಾಂನಲ್ಲೇ ಹೆಂಗೋ ಮಾಡ್ಕೊಳ್ಳೋದು. ಇದರಲ್ಲಿ ಕೊರತೆ ನಿಜವಾಗ್ಲೂ ಇತ್ತು. ಟು-ಡು ಪಟ್ಟಿಗೆ ಕೊನೇ ದಿನಾಂಕ ಹಾಕಬಹುದಿತ್ತು, ಆದ್ರೆ ಅಲಾರಂ ಹೊಡೀತಿರ್ಲಿಲ್ಲ. ಮೆಮೊ ಅಂದ್ರೆ ಒಂದೊಂದು ನಾಲ್ಕು ಕೆಬಿಗೆ ಮುಗಿದೋಗ್ತಿತ್ತು. ಮಾರ್ಕ್ಸ್ ಲೆಕ್ಕ ಇಡೋಕೆ ಜಾಗಾನೇ ಇಲ್ಲ.

ಎರಡನೇದು, ಅದೇ ಡೇಟ್‌ಬುಕ್ ಡೇಟಾದ ಮೇಲೆ ಕೂತು ಇನ್ನೂ ಚೆನ್ನಾಗಿ ತೋರ್ಸೋ ಪ್ರೋಗ್ರಾಂಗಳು. ಪಿಮ್ಲಿಕೊದವರ ಡೇಟ್‌ಬಿಕೆ, ಐಯಾಂಬಿಕ್‌ನವರ ಆಕ್ಷನ್ ನೇಮ್ಸ್, ಅದಕ್ಕೇ ಆಮೇಲೆ ಅಜೆಂಡಸ್ ಅಂತ ಹೆಸರಾಯ್ತು. ಡೇಟ್‌ಬಿಕೆ ಮಾರಿ ಬಂದ ದುಡ್ಡು ಗೊರಿಲ್ಲಾಗಳ ಸಂರಕ್ಷಣೆಗೆ ಹೋಗ್ತಿತ್ತು ಅನ್ನೋದು ನಂಗೆ ಇವತ್ತಿಗೂ ಇಷ್ಟವಾದ ವಿಷಯ. ಅದರದ್ದೇ ಒಂದು ಹಳೇ ರೂಪ ಡೇಟ್‌ಬುಕ್ ಪ್ಲಸ್ ಅಂತ ವೈಸರ್ ಜೊತೆ ಪುಕ್ಕಟೆ ಬರ್ತಿತ್ತು. ಅದರಲ್ಲಿ ತೇಲೋ ಐಟಂ ಅಂತ ಒಂದು ಸೌಕರ್ಯ, ಇವತ್ತು ಮುಗಿಸದೆ ಇರೋ ಕೆಲಸ ತಾನಾಗೇ ನಾಳೆಗೆ ಜರುಗುತ್ತೆ, ಮುಗೀತು ಅಂತ ಗುರುತು ಹಾಕೋವರೆಗೂ ಕಣ್ಮುಂದೆ ಇರುತ್ತೆ. ಹೋಮ್‌ವರ್ಕಿಗೆ ಇದಕ್ಕಿಂತ ಒಳ್ಳೇದು ನಾನಿನ್ನೂ ನೋಡಿಲ್ಲ.

ಮೂರನೇದು, ವಿದ್ಯಾರ್ಥಿಗಳಿಗೇ ಅಂತ ಮಾಡಿದ ಪ್ಲಾನರ್‌ಗಳು. 4.0ಸ್ಟೂಡೆಂಟ್, ಡ್ಯೂ ಯೆಸ್ಟರ್‌ಡೇ ಅಂತೆಲ್ಲಾ ಹೆಸರು. ಅಮೆರಿಕದ ಜಿಪಿಎ ಲೆಕ್ಕದಲ್ಲಿ 4.0 ಅಂದ್ರೆ ಪೂರ್ತಿ ಮಾರ್ಕ್ಸು, ಹೆಸರಲ್ಲೇ ಆಸೆ ಹುಟ್ಟಿಸ್ತಿತ್ತು. ಇಂಥ ಪ್ಲಾನರ್‌ಗಳಲ್ಲಿ ಕೋರ್ಸ್ ಅನ್ನೋದೇ ಒಂದು ಗೂಡು, ಅದರೊಳಗೆ ಕ್ಲಾಸ್ ಟೈಮು, ಅಸೈನ್‌ಮೆಂಟು, ಗ್ರೇಡು. ನೋಡೋಕೆ ಬಹಳ ಚಂದ. ಎಲ್ಲರೂ ಮೊದಲು ಬೀಳ್ತಿದ್ದಿದ್ದು ಇದಕ್ಕೇನೆ, ನಾನೂ ಬಿದ್ದೆ.

ಆಗ ನಡೀತಿದ್ದ ಚರ್ಚೆ ಪೂರ್ತಿ ಸೌಕರ್ಯದ ಮೇಲೆ. ಯಾವುದರಲ್ಲಿ ವಾರದ ನೋಟ ಚೆನ್ನಾಗಿದೆ, ಯಾವುದು ಎಷ್ಟು ಜಾಗ ತಿನ್ನುತ್ತೆ. ಡೇಟಾ ಎಲ್ಲಿ ಕೂತಿದೆ ಅಂತ ಕೇಳ್ದೋರು ಕಮ್ಮಿ, ಕೇಳಬೇಕಾಗಿದ್ದು ಅದನ್ನೇ. ಯಾಕಂದ್ರೆ ಆ ಸಾಧನಗಳಲ್ಲಿ ಎಲ್ಲಾ ಇರ್ತಿದ್ದಿದ್ದು ಸೆಲ್ಲಿನ ಕರೆಂಟಲ್ಲಿ ಉಸಿರಾಡೋ ಮೆಮೊರಿಯಲ್ಲಿ, ಸೆಲ್ ಬದಲಾಯಿಸೋಕೆ ಸುಮಾರು ಒಂದು ನಿಮಿಷ ಟೈಮು, ಪೂರ್ತಿ ಸತ್ತೋದ್ರೆ ಎಲ್ಲಾ ಖಾಲಿ. ಅದಕ್ಕೇ ಕಂಪ್ಯೂಟರಿಗೂ ಒಂದು ನಕಲು ಇಳಿಸೋ ಹಾಟ್‌ಸಿಂಕ್ ಗುಂಡಿ. ಆದ್ರೆ ಹಾಟ್‌ಸಿಂಕ್ ಮಾಡಿದ್ರೆ ಕಂಪ್ಯೂಟರಲ್ಲಿ ತೆರೆದು ಓದೋಕೆ ಆಗ್ತಿದ್ದಿದ್ದು ಹೆಚ್ಚಾಗಿ ಆ ನಾಲ್ಕು ಮೂಲ ಪ್ರೋಗ್ರಾಂ ಡೇಟಾನೇ. ಬೇರೆ ಪ್ರೋಗ್ರಾಂದು ಸಾಮಾನ್ಯವಾಗಿ ಪಿಡಿಬಿ ಅನ್ನೋ ಮುಚ್ಚಿದ ಫೈಲಾಗಿ ಬ್ಯಾಕಪ್ ಫೋಲ್ಡರಿಗೆ ಹೋಗ್ತಿತ್ತು, ಅದೂ ಬರೆದವರು ಬ್ಯಾಕಪ್ ಬಿಟ್ ಅನ್ನೋ ಒಂದು ಗುರುತು ಹಾಕಿದ್ರೆ ಮಾತ್ರ. ಹಾಕಿಲ್ಲ ಅಂದ್ರೆ ಇಲ್ಲ.

2003ರ ಮಾರ್ಚ್, ಸ್ಪ್ರಿಂಗ್ ಬ್ರೇಕ್. ನೆಂಟರ ಮನೆಗೆ ಹೋಗೋವಾಗ ವೈಸರ್ ರೂಮಲ್ಲೇ ಬಿಟ್ಟು ಹೋದೆ, ಸೆಲ್ ಮೊದಲೇ ಕಮ್ಮಿ ಇತ್ತು. ವಾರ ಬಿಟ್ಟು ಬಂದು ಹೊಸ ಸೆಲ್ ಹಾಕಿದ್ರೆ, ಹೊಸದಾಗಿ ತಂದಾಗ ಬರೋ ಸ್ಕ್ರೀನು, ಮೂಲೆಯ ಗುರುತಿನ ಮೇಲೆ ಕಡ್ಡಿ ಒತ್ತಿ ಅಂತ. ಸಿಂಕ್ ಮಾಡ್ದೆ. ಡೇಟ್‌ಬುಕ್ಕಲ್ಲಿದ್ದ ಕ್ಲಾಸುಗಳೆಲ್ಲಾ ಒಂದೂ ಬಿಡದೆ ವಾಪಸ್ ಬಂದ್ವು. ಪ್ಲಾನರ್ ತೆರೆದೆ, ಖಾಲಿ. ಎಂಟು ವಾರದ ಅಸೈನ್‌ಮೆಂಟು, ಮಿಡ್‌ಟರ್ಮ್ ಗ್ರೇಡು, ಏನೂ ಇಲ್ಲ. ಎರಡು ಕೋರ್ಸಿನ ಪೇಪರ್ ಸಿಲಬಸ್ ಸಿಕ್ತು, ಮೂರನೇದು ಸಿಗಲಿಲ್ಲ, ಅದರ ಪ್ರಾಜೆಕ್ಟ್ ಪ್ರಪೋಸಲ್ ಕೊಡೋ ದಿನ ಆ ವಾರಾನೇ ಇತ್ತು, ತಪ್ಪಿಹೋಯ್ತು. ಆ ಪ್ಲಾನರ್ ಮಾಡಿದವರು ಕೆಟ್ಟ ಕೆಲಸ ಮಾಡಿದ್ರು ಅಂತ ನಾನು ಹೇಳಲ್ಲ, ಒಬ್ರೋ ಇಬ್ರೋ ಕೂತು ಬರೆದ ಪ್ರೋಗ್ರಾಂ ಅದು. ಆದ್ರೆ ಅವತ್ತಿಂದ ನಾನು ಎರಡನೇ ದಾರಿಯೋನು.

ಆಮೇಲಿಂದು ಇಳಿಜಾರು. ಜೆರಾಕ್ಸ್ ಜೊತೆಗಿನ ಪೇಟೆಂಟ್ ಜಗಳದಿಂದ 2003ರಲ್ಲಿ ಗ್ರಾಫಿಟಿಯನ್ನೇ ಬದಲಾಯಿಸಿದ್ರು, ಹೊಸದ್ರಲ್ಲಿ ‘ಟಿ’ಗೆ ಎರಡು ಎಳೆ, ಕೈ ಪಳಗಿದೋರಿಗೆಲ್ಲಾ ಬೇಜಾರು. ಅದೇ ವರ್ಷ ಪಾಮ್ ಕಂಪನಿ ಎರಡು ಹೋಳಾಯ್ತು. 2004ರಲ್ಲಿ ನಮ್ಮ ಬೆಂಗಳೂರಲ್ಲೇ, ಐಐಎಸ್‌ಸಿ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ ಅಮಿಡಾ ಅನ್ನೋ ಹೆಸರಲ್ಲಿ ಬಿಇಎಲ್ ತಯಾರಿಕೆಯಲ್ಲಿ ಮಾರುಕಟ್ಟೆಗೆ ಬಂತು, ಲಿನಕ್ಸ್ ಮೇಲೆ ಓಡೋ ಅಂಗೈ ಕಂಪ್ಯೂಟರು. ಅದರ ಮೂಲ ಕನಸು ಓದು ಬರಹ ಬರದ ಹಳ್ಳಿಯವರಿಗೂ ಕಂಪ್ಯೂಟರ್ ತಲುಪಿಸೋದು, ಕಾಲೇಜು ಹುಡುಗ್ರ ಕೈಗೆ ಅದು ದೊಡ್ಡದಾಗಿ ಬರಲೇ ಇಲ್ಲ. 2007ರಲ್ಲಿ ಐಫೋನ್, 2008ರ ಜುಲೈಯಲ್ಲಿ ಆಪ್ ಸ್ಟೋರ್. 2009ರಲ್ಲಿ ಪಾಮ್ ತನ್ನ ಹಳೇ ಓಎಸ್ ಬಿಟ್ಟು ವೆಬ್‌ಓಎಸ್‌ಗೆ ಹೋಯ್ತು, 2010ರಲ್ಲಿ ಎಚ್‌ಪಿ 120 ಕೋಟಿ ಡಾಲರ್ ಕೊಟ್ಟು ಪಾಮ್ ಕೊಂಡ್ಕೊಳ್ತು, ಮರುವರ್ಷವೇ ಆ ಸಾಧನಗಳನ್ನ ನಿಲ್ಲಿಸ್ತು. ಪಾಮಲ್ಲಿ ವರ್ಷಗಟ್ಟಲೆ ತುಂಬಿಸಿದ್ದ ಪ್ಲಾನರ್ ಡೇಟಾ ಎಲ್ಲಾ ಪಿಡಿಬಿ ಫೈಲಾಗಿ ಹಳೇ ಹಾರ್ಡ್‌ಡಿಸ್ಕುಗಳಲ್ಲಿ ಉಳ್ಕೊಂಡ್ವು.

ಇದರಲ್ಲಿ ನಂಗೆ ತುಂಬಾ ಬೇಸರ ಆಗೋ ವಿಷಯ ಇನ್ನೊಂದಿದೆ. ದಾರಿ ಆಗ್ಲೇ ಇತ್ತು. ತಾರೀಕುಗಳನ್ನ ಒಂದು ಸಾಧನದಿಂದ ಇನ್ನೊಂದಕ್ಕೆ ದಾಟಿಸೋ ವಿ-ಕ್ಯಾಲೆಂಡರ್ ಅನ್ನೋ ನಮೂನೆ 1996ರದ್ದು, ಐ-ಕ್ಯಾಲೆಂಡರ್ 1998ರದ್ದು. ಎರಡು ಪಾಮ್ ಎದುರುಬದುರು ಹಿಡಿದ್ರೆ ಇನ್‌ಫ್ರಾರೆಡ್‌ನಲ್ಲಿ ಒಂದು ಅಪಾಯಿಂಟ್‌ಮೆಂಟ್ ಆ ಕಡೆಗೆ ಹಾರ್ತಿತ್ತು. ಒಬ್ಬ ಪ್ರೊಫೆಸರ್ ಸಿಲಬಸ್ಸನ್ನ ಆ ನಮೂನೆಯಲ್ಲಿ ಒಂದು ಸಲ ಕೊಟ್ಟಿದ್ರೆ ಅರವತ್ತು ಹುಡುಗ್ರ ಅರವತ್ತು ಸಂಜೆ ಉಳೀತಿತ್ತು. ಪ್ರೊಫೆಸರ್‌ಗಳಿಗೆ ವರ್ಡಲ್ಲಿ ಟೈಪ್ ಮಾಡೋದು ರೂಢಿ, ಪ್ಲಾನರ್ ಮಾಡೋರಿಗೆ ತಮ್ಮದೇ ನಮೂನೆ, ಕಾಲೇಜುಗಳಿಗೆ ಸಾಧನ ಕೊಡಿಸೋದ್ರಲ್ಲೇ ಉತ್ಸಾಹ, ಹಿಂಗೆ ಎಲ್ಲರ ಮಧ್ಯೆ ಆ ಕೆಲಸ ಬಿದ್ದೋಯ್ತು. ಮುಂದೆ ಮೂಡಲ್, ಕ್ಯಾನ್ವಾಸ್ ಅಂತ ಕಾಲೇಜುಗಳು ಕೋರ್ಸ್ ನಡೆಸೋ ವೆಬ್‌ಸೈಟುಗಳು ಬಂದ್ಮೇಲೆ ಅಲ್ಲಿ ಕೋರ್ಸಿನ ತಾರೀಕುಗಳು ಕ್ಯಾಲೆಂಡರಿಗೆ ತಾವೇ ಬಂದು ಕೂರೋಂಗಾಯ್ತು. ನಮ್ಮಲ್ಲಿ ಕೋವಿಡ್ ಹೊತ್ತಲ್ಲಿ ಗೂಗಲ್ ಕ್ಲಾಸ್‌ರೂಂ ಮನೆಮನೆಗೂ ಬಂತು, ಅದರಲ್ಲಿ ಮೇಷ್ಟ್ರು ಕೊನೇ ದಿನಾಂಕದ ಜಾಗ ತುಂಬಿದ್ರೆ ಸಾಕು, ಗೂಗಲ್ ಕ್ಯಾಲೆಂಡರಲ್ಲಿ ತೋರ್ಸುತ್ತೆ. ಆದ್ರೆ ಹೆಚ್ಚಿನ ಕಡೆ ಇವತ್ತಿಗೂ ಬರೋದು ವಾಟ್ಸಾಪ್ ಗ್ರೂಪಿಗೆ ಸ್ಕ್ಯಾನ್ ಮಾಡಿದ ಪಿಡಿಎಫ್, ಅದೂ ಓರೆಯಾಗಿ ಸ್ಕ್ಯಾನ್ ಆಗಿರುತ್ತೆ.

ಹೋದ ವರ್ಷ ತಂಗಿ ಮಗಳು ಎಂಜಿನಿಯರಿಂಗ್ ಸೇರಿದಾಗ ಅದೇ ಪ್ರಶ್ನೆ ಕೇಳಿದ್ಲು. ಚಂದದ ಒಂದು ಪ್ಲಾನರ್ ಆಪ್ ತೋರ್ಸಿದ್ಲು, ಬಣ್ಣ ಬಣ್ಣದ ಡಬ್ಬಿಗಳು. ನಾನು ಕೇಳಿದ್ದು ಒಂದೇ, ಇದರಲ್ಲಿ ಎಕ್ಸ್‌ಪೋರ್ಟ್, ಅಂದ್ರೆ ಡೇಟಾ ಹೊರಗೆ ತೆಗೆಯೋ ದಾರಿ, ಎಲ್ಲಿದೆ ತೋರ್ಸು ಅಂತ. ಸೆಟ್ಟಿಂಗ್ಸ್ ಪೂರ್ತಿ ಹುಡುಕಿದ್ಲು, ಇರ್ಲಿಲ್ಲ. ಆಮೇಲೆ ನನ್ನ ಗೂಗಲ್ ಕ್ಯಾಲೆಂಡರ್ ತೆಗೆದು 2002ರ ಸೆಪ್ಟೆಂಬರಿಗೆ ಹೋಗಿ ತೋರ್ಸಿದೆ. ಗೂಗಲ್ ಕ್ಯಾಲೆಂಡರ್ ಹುಟ್ಟಿದ್ದೇ 2006ರಲ್ಲಿ, ಆದ್ರೂ ಸೋಮವಾರ ಬುಧವಾರ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಆಲ್ಗರಿದಮ್ಸ್ ಕ್ಲಾಸು ಅಂತ ಅಲ್ಲಿದೆ, ಪಾಮಿಂದ ಔಟ್‌ಲುಕ್‌ಗೆ, ಔಟ್‌ಲುಕ್‌ನಿಂದ ಇಲ್ಲಿಗೆ ದಾಟಿ ಬಂದಿದ್ದು. ಆ ಸಂಜೆ ಇಬ್ರೂ ಕೂತು ಅವಳ ಗ್ರೂಪಿಗೆ ಬಂದಿದ್ದ ಪಿಡಿಎಫ್ ನೋಡ್ಕೊಂಡು ಮೂರು ಇಂಟರ್ನಲ್ಸು, ಲ್ಯಾಬ್ ದಿನಗಳು, ರೆಕಾರ್ಡ್ ಸಬ್ಮಿಷನ್ನು ಎಲ್ಲಾ ಮಾಮೂಲಿ ಕ್ಯಾಲೆಂಡರಿಗೇ ತುಂಬಿಸಿದ್ವಿ, ನಲವತ್ತು ನಿಮಿಷ ಆಯ್ತು. ಆಮೇಲೆ ಅವಳು ಅದನ್ನ ಒಂದು ಫೈಲ್ ಮಾಡಿ ಕ್ಲಾಸ್ ಗ್ರೂಪಿಗೆ ಹಾಕಿದ್ಲು.